ಜಾರ್ಜ್ ಪ್ಲೆಬ್ಸ್ಟ್

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಕುಲಶೇಖರವನ್ನು ದಾಟಿದರೆ ವಾಮಂಜೂರು. ಇನ್ನೂ ಮುಂದೆ ಸಾಗಿದರೆ ಗುರುಪುರದ ಹೊಳೆ. ಈ ಹೊಳೆಯ ಮತ್ತು ನೇತ್ರಾವತಿಯ ದಂಡೆಗಳಲ್ಲಿ ದೊರೆಯುವ ನುಣುಪಾದ ಜೇಡಿಮಣ್ಣೇ ಮಂಗಳೂರು ಹಂಚಿನ ಮೂಲವಸ್ತು. ಆ ಮಣ್ಣಿನ ಬೆಲೆಯನ್ನರಿತು ಅದನ್ನು ಕಾರ್ಖಾನೆಗೆ ತಂದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಯಂತ್ರಕುಶಲಿಗಳು.

ಪ್ಲೆಬ್ಸ್ಟರು 1851ರಲ್ಲಿ ಮಂಗಳೂರಿಗೆ ಬಂದುದು ಹಂಚಿಗಾಗಿ ಅಲ್ಲ, ಬಾಸೆಲ್ ಮಿಶನ್ನಿನ ಮುದ್ರಣಾಲಯದ ಕೆಲಸಕ್ಕಾಗಿ. ಮತಾಂತರ ಹೊಂದಿದವರಲ್ಲಿ ಅನೇಕರು ಕುಲಕಸುಬನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡು ಹೊಟ್ಟೆಪಾಡಿಗೆ ದಾರಿಗಾಣದಿದ್ದ ಕಾಲವದು. ಮಿಶನ್ನು ನೇಯ್ಗೆಯೇ ಮೊದಲಾದ ಉದ್ಯೋಗಗಳನ್ನು ತೆರೆದಿದ್ದರೂ ಅವು ಎಲ್ಲರಿಗೂ ಸಾಲುತ್ತಿರಲಿಲ್ಲ. ಪ್ಲೆಬ್ಸ್ಟರು ಯುರೋಪಿಗೆ ಹಿಂದಿರುಗಿದ್ದಾಗ ಮಣ್ಣನ್ನು ಹದಗೊಳಿಸಿ ಸುಡುವ ವಿದ್ಯೆಯನ್ನು ಅಭ್ಯಾಸಮಾಡಿ ಬಂದರು. ಒಂದಕ್ಕೊಂದು ಹೆಣೆದುಕೊಳ್ಳುವ ಚಪ್ಪಟೆ ಹಂಚನ್ನು ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಷ್ಟು ಹಿಂದೆಯೇ ರೂಪಿಸಿದ್ದರು. ಆ ಬಗೆಯ ಹಂಚಿನ ತಯಾರಿಕೆ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದ ಬಳಿ ಆರಂಭವಾಯಿತು. ಮೊದಮೊದಲು ಮಣ್ಣನ್ನು ಅರೆಯುವ ಯಂತ್ರವನ್ನು ಎತ್ತುಗಳು ತಿರುಗಿಸುತ್ತಿದ್ದವು. ಹಬೆಯಂತ್ರ ಬಂದುದು ಆಮೇಲೆ.

ಹಂಚನ್ನು ಅಚ್ಚೊತ್ತುವುದು ಕೆಲವೇ ಕ್ಷಣಗಳ ಕೆಲಸ. ಆದರೆ ಹಸಿ ಹಂಚು ನೆರಳಿನಲ್ಲಿ ದಿನಗಟ್ಟಲೆ ಆರಬೇಕು. ಆರದುದನ್ನು ಆವಿಗೆಗೆ ಇಟ್ಟರೆ ಅದು ಬಿರಿಯುತ್ತದೆ. ಹಂಚು ಸಾಲದೆ ಅರೆತುಂಬಿದ ಆವಿಗೆಗೆ ಬೆಂಕಿಯಿಟ್ಟರೆ ಸೌದೆ ವ್ಯರ್ಥ. ಹೀಗೆ ಅಚ್ಚಿಗೂ ಆವಿಗೆಗೂ ನಡುವೆ ನಿಂತ ಅರೆಸಿದ್ಧ ಸರಕನ್ನು ಅಳತೆಯಲ್ಲಿಡುವುದೇ ಹಂಚಿನ ಕಾರ್ಖಾನೆಯ ಕಠಿಣ ಕಾರ್ಯ. ಒಂದು ಲೆಕ್ಕವನ್ನು ನೋಡೋಣ. ದಿನಕ್ಕೆ 1,000 ಹಂಚು ಅಚ್ಚಿನಿಂದ ಹೊರಬಂದು, ಪ್ರತಿಯೊಂದೂ 10 ದಿನ ಆರಬೇಕಾದರೆ, ಅಟ್ಟಣೆಗಳ ಮೇಲೆ ಯಾವಾಗಲೂ 10,000 ಹಂಚು ಇರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಆರಲು 20 ದಿನ ಹಿಡಿಯಿತೆನ್ನಿ. ಆಗ 20,000 ಹಂಚಿಗೆ ಸ್ಥಳ ಬೇಕು. ಚಪ್ಪರ ಮೊದಲಿನಷ್ಟೇ ಇದ್ದರೆ ಅಚ್ಚೊತ್ತುವುದನ್ನು ದಿನಕ್ಕೆ 500ಕ್ಕೆ ಇಳಿಸದೆ ಗತ್ಯಂತರವಿಲ್ಲ. ಹಟದಿಂದ 1,000ವನ್ನೇ ಒತ್ತಿದರೆ ಹಂಚುಗಳು ಒತ್ತೊತ್ತಾಗಿ ನಿಂತು, ಗಾಳಿಯಾಡದೆ, ಆರುವುದು ಮತ್ತಷ್ಟು ತಡವಾಗುವುದು! ಬಿಡುವಿಲ್ಲದೆ ದುಡಿಯುವ ಅಚ್ಚನ್ನು ಕಂಡು ಹಿಗ್ಗುವ ಯಜಮಾನನಿಗೆ ಈ ಮಾತು ಬೇಗನೆ ಹಿಡಿಸದು.

ಅರೆಸಿದ್ಧ ಸರಕಿನ ಪ್ರಮಾಣವು ಉತ್ಪಾದನೆಯ ವೇಗವನ್ನು ಸರಕು ಒಳಗಿರುವ ಕಾಲದಿಂದ ಗುಣಿಸಿದಷ್ಟು ಎಂಬ ಈ ಸಂಬಂಧಕ್ಕೆ ಅಮೆರಿಕದ ಜಾನ್ ಲಿಟ್ಲ್ ಎಂಬ ವಿದ್ವಾಂಸರು ಗಣಿತದ ಸಾಧನೆಯನ್ನೊದಗಿಸಿದುದು 1961ರಲ್ಲಿ. ಪ್ಲೆಬ್ಸ್ಟರ ಕಾಲದಲ್ಲಿ ಅಂಥ ಸೂತ್ರವಿರಲಿಲ್ಲ. ಮಣ್ಣಿನ ಬಣ್ಣವನ್ನು ನೋಡಿ, ಬೆರಳಿನಿಂದ ತಟ್ಟಿ, ಹದವನ್ನು ತಿಳಿಯಬೇಕಾಗಿತ್ತು.

ಮಿಶನ್ನಿನ ಹಂಚಿನ ಕಾರ್ಖಾನೆಗಳು ಮುಂದೆ 1882ರಲ್ಲಿ ಕುದ್ರೋಳಿಗೂ 1886ರಲ್ಲಿ ಮಲ್ಪೆಗೂ ವಿಸ್ತರಿಸಿದವು. ಊರಿನ ಉದ್ಯಮಿಗಳೂ ಹೊಳೆದಂಡೆಗಳಲ್ಲಿ ಕಾರ್ಖಾನೆಗಳನ್ನು ಕಟ್ಟಿದರು. ಮಳೆಗಾಲ ಬಂತೆಂದರೆ ಮುಳಿಹುಲ್ಲಿನ ಮಾಡಿಗೆ ಮತ್ತೆ ಹೊದಿಕೆ ಹಾಕಬೇಕಾಗಿದ್ದ, ಬೇಸಿಗೆಯಲ್ಲಿ ಬೆಂಕಿಗೆ ಅಂಜಬೇಕಾಗಿದ್ದ ಮನೆಗಳು ಒಂದೊಂದಾಗಿ ಕೆಂಪು ಹಂಚನ್ನು ಹೊದ್ದುಕೊಂಡವು. ಮಂಗಳೂರು ಹಂಚು ಹಡಗನ್ನೇರಿ ಆಫ್ರಿಕದ ಪೂರ್ವತೀರವನ್ನೂ ಸೇರಿತು.