ಹಲ್ಲಿನ ಕಲೆ ಹುಡುಕುತ್ತಾ ನೀರಿನ ಪೈಪಿಗೆ ಬಂದ ಮೆಕೇ

ಬಂಗಾರಪೇಟೆ ಸುತ್ತಮುತ್ತ, ಕೋಲಾರ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಕೊಳವೆಬಾವಿ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತೆ. ಸರಿಯಾಗಿ ಹಲ್ಲುಜ್ಜಲ್ಲ ಅಂತ ಅವರನ್ನೇ ಹಂಗಿಸೋರೂ ಇದ್ದಾರೆ. ಆದರೆ ಈ ಕಲೆ ಕೊಳಕಿನದ್ದಲ್ಲ, ನೀರಿನಲ್ಲಿರೋ ಫ್ಲೋರೈಡಿನದ್ದು. ಈ ಸತ್ಯ ಹೊರಬರೋಕೆ ಕಾರಣರಾದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅದರ ಹಿಂದೆ ಮೂವತ್ತು ವರ್ಷ ಅಲೆದರು.

ಮೆಕೇ ಹುಟ್ಟಿದ್ದು 1874ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಓದು ಮುಗಿಸಿ 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದು ಕ್ಲಿನಿಕ್ ತೆರೆದರು. ಅಲ್ಲಿ ಹುಟ್ಟಿ ಬೆಳೆದ ಬಹುತೇಕ ಮಕ್ಕಳ ಹಲ್ಲು ಕಂದುಗಟ್ಟಿತ್ತು. ಊರಿನವರಿಗೆ ಅದು ಮಾಮೂಲಿ. ಹಂದಿಮಾಂಸ ಜಾಸ್ತಿ ತಿಂದಿದ್ದಕ್ಕೆ, ಹಾಲು ಚೆನ್ನಾಗಿಲ್ಲದ್ದಕ್ಕೆ ಅಂತ ಒಬ್ಬೊಬ್ಬರದ್ದು ಒಂದೊಂದು ಕಾರಣ. ಪುಸ್ತಕಗಳಲ್ಲಿ ಉತ್ತರ ಸಿಗಲಿಲ್ಲ, ಸ್ಥಳೀಯ ವೈದ್ಯರಿಗೆ ಆಸಕ್ತಿ ಇರಲಿಲ್ಲ.

ಮೆಕೇ ಸುಮ್ಮನಾಗಲಿಲ್ಲ. ಆ ಕಾಲದ ದೊಡ್ಡ ದಂತ ವಿಜ್ಞಾನಿ ಜಿ.ವಿ. ಬ್ಲ್ಯಾಕ್ ಅವರನ್ನು ಒಪ್ಪಿಸಿದರು. 1909ರಲ್ಲಿ ಬ್ಲ್ಯಾಕ್ ಬಂದೇಬಿಟ್ಟರು. ಇಬ್ಬರೂ ಸೇರಿ ಕಂಡುಕೊಂಡಿದ್ದು ಎರಡು ಸಂಗತಿ. ಎನಾಮಲ್ ರೂಪುಗೊಳ್ಳೋ ಬಾಲ್ಯದಲ್ಲೇ ಕಲೆ ಕೂರುತ್ತೆ, ದೊಡ್ಡವರಾದ ಮೇಲೆ ಆ ಊರಿಗೆ ಬಂದವರಿಗೆ ಬರಲ್ಲ. ಕಲೆ ಇರೋ ಹಲ್ಲು ಅಷ್ಟು ಸುಲಭಕ್ಕೆ ಹುಳುಕಾಗಲ್ಲ. 1915ರಲ್ಲಿ ಬ್ಲ್ಯಾಕ್ ತೀರಿಕೊಂಡರು. ಮೆಕೇ ಹುಡುಕಾಟ ನಿಲ್ಲಲಿಲ್ಲ.

1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಊರಿನಿಂದ ಕರೆ ಬಂತು. ಬಿಸಿನೀರಿನ ಬುಗ್ಗೆಯಿಂದ ಹೊಸ ಪೈಪ್ ಎಳೆದ ಮೇಲೆ ಮಕ್ಕಳ ಹಲ್ಲು ಕೆಡ್ತಾ ಇದೆ ಅನ್ನೋದು ತಾಯಂದಿರ ದೂರು. ನೀರು ಪರೀಕ್ಷಿಸಿದರೆ ದೋಷವೇನೂ ಸಿಗಲಿಲ್ಲ. ಆದರೂ ಆ ಪೈಪ್ ಬಿಟ್ಟು ಬೇರೆ ಬುಗ್ಗೆಯ ನೀರು ಬಳಸಿ ಅಂತ ಮೆಕೇ ಸಲಹೆ ಕೊಟ್ಟರು. ಊರು ಕೇಳಿತು. ಆಮೇಲೆ ಮಕ್ಕಳಿಗೆ ಬಂದ ಹೊಸ ಹಲ್ಲುಗಳು ಶುಭ್ರವಾಗಿದ್ದವು.

ನೀರಲ್ಲಿ ಏನಿದೆ ಅನ್ನೋದು ಇನ್ನೂ ಗುಟ್ಟಾಗಿತ್ತು. ಅರ್ಕಾನ್ಸಾಸ್‌ನ ಬಾಕ್ಸೈಟ್ ಎಂಬ ಗಣಿ ಊರಿನಲ್ಲೂ ಇದೇ ಕಲೆ. ಅದು ಅಲ್ಕೋವಾ ಅಲ್ಯುಮಿನಿಯಂ ಕಂಪನಿಯ ಊರು. ಮೆಕೇ ಬರೆದ ವರದಿ ಕಂಪನಿಯ ರಸಾಯನಶಾಸ್ತ್ರಜ್ಞ ಎಚ್.ವಿ. ಚರ್ಚಿಲ್ ಕೈಸೇರಿತು. ಅಲ್ಯುಮಿನಿಯಂ ಪಾತ್ರೆ ವಿಷ ಅನ್ನೋ ಆರೋಪ ಆಗಲೇ ಇತ್ತು. ಕಲೆಯ ಅಪವಾದವೂ ಕಂಪನಿಗೆ ಅಂಟೀತು ಅನ್ನೋ ಭಯದಲ್ಲಿ ಚರ್ಚಿಲ್ ಆ ನೀರನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. 1931ರಲ್ಲಿ ಉತ್ತರ ಸಿಕ್ಕಿತು: ಫ್ಲೋರೈಡ್. ಮೆಕೇ ಬೇರೆ ಊರುಗಳ ನೀರನ್ನೂ ಕಳಿಸಿದರು, ಅಲ್ಲೂ ಅದೇ. 1959ರಲ್ಲಿ ಅವರು ತೀರಿಕೊಂಡರು.

ಫ್ಲೋರೈಡ್ ಸ್ವಲ್ಪ ಇದ್ದರೆ ಹಲ್ಲಿಗೆ ರಕ್ಷಣೆ, ಹೆಚ್ಚಾದರೆ ಕಲೆ, ವರ್ಷಗಟ್ಟಲೆ ತೀರಾ ಹೆಚ್ಚಾದರೆ ಮೂಳೆಗೂ ಪೆಟ್ಟು. ಭಾರತದ ಮಾನದಂಡದ ಪ್ರಕಾರ ಲೀಟರ್ ನೀರಿಗೆ 1 ಮಿಲಿಗ್ರಾಂ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ.

ಈಗ ಕಲೆ ಮುಚ್ಚೋಕೆ ವಿನೀರ್ ಬಂದಿದೆ. ಅರ್ಧ ಮಿಲಿಮೀಟರ್ ಆಸುಪಾಸಿನ ಪಿಂಗಾಣಿ ಪದರ ಅದು. ಸಾಮಾನ್ಯವಾಗಿ ಎನಾಮಲ್ ಸ್ವಲ್ಪ ಕೆರೆದು ಅದನ್ನು ಅಂಟಿಸ್ತಾರೆ, ಕೆರೆದ ಎನಾಮಲ್ ಮತ್ತೆ ಬೆಳೆಯಲ್ಲ. ಪದರದ ಅಂಚು ಒಸಡಿನ ಮಟ್ಟದಲ್ಲೋ ಅದಕ್ಕಿಂತ ಆಚೆಗೋ ನಯವಾಗಿ ಕೂತರೆ ಒಸಡಿಗೆ ತೊಂದರೆ ಕಡಿಮೆ. ಅಂಚು ಒಸಡಿನೊಳಗೆ ನುಗ್ಗಿದರೆ, ಉಬ್ಬಿಕೊಂಡರೆ, ಅಂಟು ಹಾಗೇ ಉಳಿದರೆ ಅಲ್ಲಿ ಪಾಚಿ ಕಟ್ಟುತ್ತೆ. ಒಸಡು ಕೆಂಪಾಗಿ ಊದಿಕೊಳ್ಳುತ್ತೆ, ಉಜ್ಜಿದಾಗ ರಕ್ತ ಬರುತ್ತೆ, ಮೆಲ್ಲಗೆ ಹಿಂದಕ್ಕೆ ಸರಿಯುತ್ತೆ. ಫ್ಲೋರೈಡ್ ತೀವ್ರವಾಗಿ ಹೊಡೆದ ಎನಾಮಲ್ ಮೇಲೆ ಅಂಟೂ ಅಷ್ಟು ಗಟ್ಟಿಯಾಗಿ ಹಿಡಿಯಲ್ಲ. ಹಾಗಾಗಿ ಮೊದಲು ಒಸಡಿನ ಆರೋಗ್ಯ ನೋಡಿಸಿ. ಕಲೆ ತೆಳುವಾಗಿದ್ದರೆ ಮೇಲ್ಪದರ ಉಜ್ಜಿ ತೆಗೆಯೋ ಚಿಕಿತ್ಸೆ ಸಾಕಾಗಬಹುದಾ ಕೇಳಿ.

ದುಡ್ಡಿದ್ದವರು ಕಲೆ ಮುಚ್ಚಿಸಿಕೊಳ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಬೋರ್‌ವೆಲ್ ನೀರು ಕುಡೀತಿರೋ ಅಂಗನವಾಡಿ ಮಗುವಿನ ಹಲ್ಲು ಈಗ ರೂಪುಗೊಳ್ತಾ ಇದೆ. ನಿಮ್ಮೂರಿನ ನೀರಿನ ಪರೀಕ್ಷಾ ವರದಿ ಎಲ್ಲಿದೆ, ಶುದ್ಧ ಕುಡಿಯುವ ನೀರಿನ ಘಟಕ ಕೆಲಸ ಮಾಡ್ತಿದೆಯಾ ಅಂತ ಗ್ರಾಮಸಭೆಯಲ್ಲಿ ಕೇಳಿ. ಓಕ್ಲಿಯ ತಾಯಂದಿರು ಕೇಳಿದ್ದರಿಂದಲೇ ಆ ಊರಿನ ಪೈಪ್ ಬದಲಾಯ್ತು.