ಕುಂದಗೋಳದ ರಾಮಭಾವು: ಗುರುವನ್ನು ಪಡೆದ ಬಗೆ, ಗುರುವಾದ ಬಗೆ

ಪುಣೆಯಲ್ಲಿ ಪ್ರತಿವರ್ಷ ಡಿಸೆಂಬರ್ ತಿಂಗಳಲ್ಲಿ ನಡೆಯುವ ದೊಡ್ಡ ಸಂಗೀತ ಮಹೋತ್ಸವದಿಂದಾಗಿ ಸವಾಯಿ ಗಂಧರ್ವ ಎಂಬ ಹೆಸರು ಜತ್ತ, ಅಕ್ಕಲಕೋಟೆ, ಸೋಲಾಪುರ ಸೀಮೆಯ ಎಲ್ಲರಿಗೂ ಗೊತ್ತು. ಆದರೆ ಆ ಹೆಸರಿನ ಮನುಷ್ಯ ಯಾರು, ಯಾವ ಊರಿನವರು ಎಂದು ಕೇಳಿದರೆ ಬಹಳಷ್ಟು ಮಂದಿ ಮರಾಠಿ ನಾಟಕದವರು ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅವರು ನಮ್ಮ ಧಾರವಾಡ ಸೀಮೆಯ ಕುಂದಗೋಳದವರು. ಹೆಸರು ರಾಮಚಂದ್ರ ಗಣೇಶ ಸೌಂಶಿ. ಊರವರ ಬಾಯಲ್ಲಿ ರಾಮಭಾವು. ಹುಟ್ಟಿದ್ದು 1886ರ ಜನವರಿ 19ರಂದು.

ಆಗಿನ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ ತಾಲೂಕು. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ ಪಟವರ್ಧನರ ಈ ತುಂಡು ನೆಲ. ಜನರ ಮಾತು ಕನ್ನಡ, ಆಳುವ ಮನೆತನ ಮರಾಠಿ. ಎರಡು ಭಾಷೆಯ ನಡುವೆ ಬೆಳೆಯುವುದು ಅಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ರಾಮಭಾವು ಅವರ ತಂದೆ ಗಣೇಶಪಂತರು ಊರಿನ ನಾಡಿಗೇರ ಮನೆತನದಲ್ಲಿ ಕಾರಕೂನರಾಗಿದ್ದರು. ಹುಡುಗನಿಗೆ ಶಾಲೆಯ ಪಾಠ ಅಷ್ಟಾಗಿ ಹತ್ತಲಿಲ್ಲ, ಪದ್ಯಗಳು ಮಾತ್ರ ಕೇಳಿದೊಡನೆ ಬಾಯಿಗೆ ಬರುತ್ತಿದ್ದವು. ತಂದೆ ಅದನ್ನು ಗಮನಿಸಿದರು. ಮಗ ಓದುವುದಿಲ್ಲವೆಂದು ಬಡಿಯುವ ಬದಲು ಊರಲ್ಲೇ ಇದ್ದ ಬಳವಂತರಾವ ಕೊಲ್ಹಟಕರ ಎಂಬ ಗಾಯಕರ ಬಳಿ ಸಂಗೀತ ಕಲಿಯಲು ಬಿಟ್ಟರು.

ಕೊಲ್ಹಟಕರರು ಧಾರಾಳ ಮನಸ್ಸಿನ ಗುರು. ಧ್ರುಪದ, ತರಾನಾ, ಇತರ ಚೀಜುಗಳು ಎಲ್ಲ ಸೇರಿ ಸುಮಾರು 200 ರಚನೆಗಳನ್ನು ಹುಡುಗನಿಗೆ ಕಲಿಸಿದರು, ತಾಳಗಳನ್ನೂ ಹೇಳಿಕೊಟ್ಟರು. 1898ರಲ್ಲಿ ಅವರು ತೀರಿಕೊಂಡಾಗ ರಾಮಭಾವುಗೆ ವಯಸ್ಸು ಹನ್ನೆರಡು. ಆ ವಯಸ್ಸಿನ ಮಗು ಇಷ್ಟು ಹಾಡುಗಳನ್ನು ಒಪ್ಪಿಸಿದರೆ ಇಂದಿನ ತಂದೆತಾಯಿ ಊರಿಗೆಲ್ಲ ಪೇಢೆ ಹಂಚಿಯಾರು. ಆದರೆ ಹಾಡು ಎಷ್ಟು ಬರುತ್ತದೆ ಎಂಬುದು ಬೇರೆ, ಹೇಗೆ ಬರುತ್ತದೆ ಎಂಬುದು ಬೇರೆ. ಈ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲ ಗುರು ಇನ್ನೂ ಸಿಕ್ಕಿರಲಿಲ್ಲ.

ಆ ಗುರು ಕುಂದಗೋಳದ ನಾಡಿಗೇರ ವಾಡೆಗೇ ಬಂದರು. ಉಸ್ತಾದ್ ಅಬ್ದುಲ್ ಕರೀಂ ಖಾನರು ಉತ್ತರ ಪ್ರದೇಶದ ಕೈರಾನಾ ಊರಿನವರು. ಬಡೋದೆಯ ದರಬಾರು ಬಿಟ್ಟ ಮೇಲೆ ಮುಂಬೈ, ಮಿರಜ, ಹುಬ್ಬಳ್ಳಿ, ಧಾರವಾಡ ಎಂದು ತಿರುಗುತ್ತಿದ್ದರು, ಮುಂದೆ ಮಿರಜವನ್ನೇ ತಮ್ಮ ಊರು ಮಾಡಿಕೊಂಡರು. ಸಂಗೀತಪ್ರೇಮಿಗಳಾದ ನಾಡಿಗೇರರ ವಾಡೆ ಅವರಿಗೆ ದಾರಿಯ ಮನೆಯಂತಿತ್ತು. ಅಲ್ಲಿ ಖಾನರ ಹಾಡು ಕೇಳಿದ ಹುಡುಗ ಮರುಳಾದ. ತಂದೆ, ನಾಡಿಗೇರರು ಎಲ್ಲರೂ ಸೇರಿ ಖಾನರನ್ನು ಕೇಳಿಕೊಂಡರು. ಅವರು ಒಪ್ಪಿದರು. ಆದರೆ ಒಂದು ಕರಾರು ಹಾಕಿದರು: ಎಂಟು ವರ್ಷ ಬಿಡದೆ ಕಲಿಯಬೇಕು.

ಈ ಕರಾರನ್ನು ಕೆಲವರು ಉಸ್ತಾದರ ಬಿಗಿತನ ಎಂದು ಬರೆಯುತ್ತಾರೆ. ಅದಕ್ಕಿಂತ ಹೆಚ್ಚಾಗಿ ಅದು ಗುರುವಿನ ಲೆಕ್ಕ. ಕಿರಾಣಾ ಪದ್ಧತಿಯಲ್ಲಿ ಮೊದಲ ಕೆಲಸ ಸ್ವರದ್ದು, ಹಾಡಿನದಲ್ಲ. ಒಂದೊಂದು ಸ್ವರವನ್ನು ತಂಬೂರಿಯ ನಾದಕ್ಕೆ ಸೇರಿಸಿ, ಅದು ತಾನಾಗಿ ನಿಲ್ಲುವ ತನಕ ಬಿಡಬಾರದು. ನಂತರ ರಾಗವನ್ನು ಒಂದೊಂದೇ ಸ್ವರವಾಗಿ ಬಿಚ್ಚಬೇಕು. ಇದಕ್ಕೆ ವರ್ಷಗಳೇ ಬೇಕು. ಎರಡು ವರ್ಷ ಕಲಿತು ಹೋದವನು ಗುರುವಿನ ಹೆಸರು ಹೇಳಿಕೊಂಡು ಅರ್ಧ ವಿದ್ಯೆ ಹಾಡುತ್ತಾನೆ, ಅದರಿಂದ ಇಬ್ಬರಿಗೂ ನಷ್ಟ.

ರಾಮಭಾವು ವಿಷಯದಲ್ಲಿ ಇನ್ನೊಂದು ತೊಡಕೂ ಇತ್ತು. ಪ್ರಾಯ ಬಂದಂತೆ ಅವರ ಕಂಠ ಒಡೆದು ಒರಟಾಯಿತು, ಬಾಗಿಸಿದ ಕಡೆ ಬಾಗುತ್ತಿರಲಿಲ್ಲ. ಖಾನರ ಕಂಠವೋ ನೂಲಿನಂತೆ ಸಣ್ಣದು, ಮೃದುವಾದುದು. ಶಿಷ್ಯನ ಕಂಠ ತಮ್ಮದರಂತಿಲ್ಲ ಎಂದು ಖಾನರು ಕೈಬಿಡಲಿಲ್ಲ. ಕೆಲವೇ ರಾಗಗಳನ್ನು ಹಿಡಿದು, ಪಲಟಾಗಳನ್ನು ಮತ್ತೆ ಮತ್ತೆ ಹಾಡಿಸಿ ಅದನ್ನು ಹದಕ್ಕೆ ತಂದರು. ಇನ್ನೂರು ಹಾಡು ಬಲ್ಲ ಹುಡುಗನಿಗೆ ಇದು ಸುಲಭದ ಶಿಕ್ಷೆಯಲ್ಲ. ಮುಂದೆ ದೊಡ್ಡವರಾದ ಮೇಲೂ ರಾಮಭಾವು ಅವರ ದನಿ ಕಚೇರಿಯ ಆರಂಭದಲ್ಲಿ ಸ್ವಲ್ಪ ಹೊತ್ತು ಬಿಗಿಯಾಗಿರುತ್ತಿತ್ತು, ಕಾವೇರಿದ ಮೇಲೆ ಮಾತ್ರ ಯಾರೂ ಎದ್ದು ಹೋಗದಂತೆ ಕಟ್ಟಿಹಾಕುತ್ತಿತ್ತು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಮಡಿ ಮೈಲಿಗೆ ಗಟ್ಟಿಯಾಗಿದ್ದ ಆ ಕಾಲದಲ್ಲಿ ಬ್ರಾಹ್ಮಣ ಕಾರಕೂನರೊಬ್ಬರು ತಮ್ಮ ಮಗನನ್ನು ಮುಸಲ್ಮಾನ ಉಸ್ತಾದರ ಜೊತೆ ವರ್ಷಗಟ್ಟಲೆ ಇರಲು ಕಳಿಸಿದರು. ಉಸ್ತಾದರೂ ಮನೆಯ ಮಗನಂತೆ ಇಟ್ಟುಕೊಂಡು, ತಮ್ಮ ಘರಾಣೆಯ ವಿದ್ಯೆಯನ್ನು ಮುಚ್ಚಿಡದೆ ಕೊಟ್ಟರು. ಮನೆಯವರಿಗಷ್ಟೇ ವಿದ್ಯೆ ಕೊಡುವ ಘರಾಣೆಗಳೂ ಇದ್ದ ಕಾಲವದು.

ಇಷ್ಟೆಲ್ಲ ಆದ ಮೇಲೆ ಶಿಷ್ಯ ನಾಟಕ ಕಂಪನಿ ಸೇರಿದರು. ಉಸ್ತಾದರಿಗೆ ಅದು ಹಿಡಿಸಲಿಲ್ಲ. ರಾತ್ರಿಯಿಡೀ ನಾಟಕ, ಗದ್ದಲದ ಥಿಯೇಟರಿನಲ್ಲಿ ಕೊನೆಯ ಸಾಲಿನವನಿಗೂ ಕೇಳುವಂತೆ ಎತ್ತರದ ಹಾಡು, ಊರೂರು ತಿರುಗಾಟ. ಕಷ್ಟಪಟ್ಟು ತಿದ್ದಿದ ಕಂಠ ಹಾಳಾದೀತು ಎಂಬ ಭಯ ಸಹಜವೇ. ಆದರೆ ಶಿಷ್ಯನ ಪಕ್ಷದಲ್ಲೂ ಹೇಳುವುದಿದೆ. ಸಂಗೀತ ಕಲಿತ ಬಡ ಮನೆಯ ಹುಡುಗನಿಗೆ ಅಂದು ತಿಂಗಳ ಸಂಬಳ ಕೊಡುತ್ತಿದ್ದುದು ನಾಟಕ ಕಂಪನಿಯೇ. ಮೈಫಿಲುಗಳು ಸಿಕ್ಕರೆ ಸಿಕ್ಕವು, ಇಲ್ಲದಿದ್ದರೆ ಇಲ್ಲ.

ಕಂಪನಿಯಲ್ಲಿ ಅವರು ಸ್ತ್ರೀ ಪಾತ್ರಗಳಿಂದ ಹೆಸರಾದರು. ಸೌಭದ್ರ ನಾಟಕದ ಸುಭದ್ರೆಯ ಪಾತ್ರವನ್ನು ಜನ ಬಹಳ ಮೆಚ್ಚಿದರು. ಆ ಹೊತ್ತಿಗೆ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರದೇ ರಾಜ್ಯ. ಅಂಥ ಕಾಲದಲ್ಲಿ ಕನ್ನಡ ನೆಲದಿಂದ ಹೋದವರೊಬ್ಬರನ್ನು ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಸವಾಯಿ ಗಂಧರ್ವ ಎಂದು ಕರೆದರು. ಸವಾಯಿ ಎಂದರೆ ಒಂದೂಕಾಲು ಪಟ್ಟು. ಬಾಲಗಂಧರ್ವರಿಗಿಂತ ಒಂದು ಕೈ ಮೇಲು ಎಂಬ ಈ ತೂಕ ಸರಿಯೋ ತಪ್ಪೋ ಎಂಬ ಚರ್ಚೆ ಅಂದೂ ಇತ್ತು, ಈಗ ಅದು ಬೇಕಿಲ್ಲ. ಹೆಸರು ಮಾತ್ರ ಉಳಿಯಿತು.

1930ರ ದಶಕದ ಹೊತ್ತಿಗೆ ಮಾತನಾಡುವ ಸಿನೆಮಾ ಬಂದು ನಾಟಕ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಸವಾಯಿ ಗಂಧರ್ವರು ರಂಗಭೂಮಿ ಬಿಟ್ಟು ಪೂರ್ತಿ ಕಚೇರಿಗಳಿಗೆ ಮರಳಿದರು, ಕುಂದಗೋಳದಲ್ಲಿ ನೆಲೆನಿಂತರು. ಅಬ್ದುಲ್ ಕರೀಂ ಖಾನರು 1937ರ ಅಕ್ಟೋಬರ್ 27ರಂದು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಪ್ರಾಣಬಿಟ್ಟರು. ಅವರ ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬ ದರ್ಗಾದ ಆವರಣದಲ್ಲಿ ಮಣ್ಣು ಮಾಡಲಾಯಿತು. ಇನ್ನು ಅವರ ಪದ್ಧತಿಯನ್ನು ಕಲಿಸುವ ಭಾರ ಬಿದ್ದ ಕೆಲವರಲ್ಲಿ ಕುಂದಗೋಳದ ಈ ಶಿಷ್ಯರೂ ಒಬ್ಬರು.

ಅವರ ಮನೆಗೆ ಬಂದ ಶಿಷ್ಯರಲ್ಲಿ ಗದಗದ ಭೀಮಸೇನ ಜೋಶಿಯವರ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹತ್ತಿದ ಹುಡುಗ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದ. ರೈಲಿನಲ್ಲಿ ಟಿಕೆಟ್ ಇಲ್ಲದೆ, ಹಾಡಿ ಅನ್ನ ಸಂಪಾದಿಸುತ್ತ, ಗ್ವಾಲಿಯರ್, ಕೋಲ್ಕತಾ, ದಿಲ್ಲಿ ಎಂದು ಅಲೆದು ಕೊನೆಗೆ ಪಂಜಾಬಿನ ಜಲಂಧರ ಮುಟ್ಟಿದ. ಅಲ್ಲಿನ ಸಂಗೀತ ಸಮ್ಮೇಳನಕ್ಕೆ ಬಂದಿದ್ದ ವಿನಾಯಕರಾವ ಪಟವರ್ಧನರು, ನಿನಗೆ ಬೇಕಾದ ಗುರು ನಿನ್ನ ಊರಿನ ಬದಿಯಲ್ಲೇ ಇದ್ದಾರೆ ಎಂದು ತಿಳಿಸಿ ಸವಾಯಿ ಗಂಧರ್ವರ ಹೆಸರು ಹೇಳಿದರು. ಗದಗಿನಿಂದ ಕುಂದಗೋಳಕ್ಕೆ ಒಂದು ದಿನದ ದಾರಿಯೂ ಇಲ್ಲ. ಅದು ತಿಳಿಯಲು ಆ ಹುಡುಗ ಅರ್ಧ ಹಿಂದುಸ್ತಾನ ಸುತ್ತಬೇಕಾಯಿತು.

ಕುಂದಗೋಳಕ್ಕೆ ಬಂದ ಕೂಡಲೇ ಪಾಠ ಸುರುವಾಗಲಿಲ್ಲ. ಹುಡುಗನ ಗಂಟಲು ಆಗಷ್ಟೇ ಒಡೆಯುತ್ತಿತ್ತು. ಗುರುಗಳು ಸುಮಾರು ಒಂದೂವರೆ ವರ್ಷ ಹೆಚ್ಚೇನನ್ನೂ ಹೇಳಿಕೊಡದೆ ಕಾದರು. ಶಿಷ್ಯ ನೀರು ಹೊತ್ತು ಹಾಕಿದ, ಮನೆಗೆಲಸ ಮಾಡಿದ, ಇತರರ ಪಾಠವನ್ನು ಕೇಳುತ್ತ ಕುಳಿತ. ಇದನ್ನು ದುಡಿಸಿಕೊಂಡರು ಎಂದು ಹೇಳುವುದು ಸುಲಭ, ಗುರುಕುಲದ ಹೆಸರಿನಲ್ಲಿ ಬರೀ ದುಡಿಸಿಕೊಂಡವರೂ ಇಲ್ಲದಿಲ್ಲ. ಇಲ್ಲಿ ಮಾತ್ರ ಕಾಯುವುದಕ್ಕೆ ಕಾರಣವಿತ್ತು. ಒಡೆಯುವ ಕಂಠಕ್ಕೆ ಒತ್ತಡ ಹಾಕಿದರೆ ಏನಾಗುತ್ತದೆ ಎಂಬುದು ಗುರುಗಳ ಸ್ವಂತ ಗಂಟಲಿಗೇ ಗೊತ್ತಿತ್ತು. ನಂತರ ಕೊಟ್ಟದ್ದು ಮೂರೇ ರಾಗ: ಬೆಳಗಿಗೆ ತೋಡಿ, ಮಧ್ಯಾಹ್ನಕ್ಕೆ ಮುಲ್ತಾನಿ, ಸಂಜೆಗೆ ಪೂರಿಯಾ. ವರ್ಷಗಟ್ಟಲೆ ಅವೇ. ಈ ಮೂರು ಹತೋಟಿಗೆ ಬಂದರೆ ಉಳಿದ ರಾಗಗಳ ಬಾಗಿಲು ತೆರೆದಂತೆ ಎಂಬುದು ಲೆಕ್ಕ.

ಗಂಗೂಬಾಯಿ ಹಾನಗಲ್ ಅವರದು ಬೇರೆಯೇ ಪರಿಸ್ಥಿತಿ. ಅವರು ಹುಬ್ಬಳ್ಳಿಯಲ್ಲಿ ಸಂಸಾರ ಹೊತ್ತವರು, ಮಕ್ಕಳ ತಾಯಿ. ಗುರುಗಳ ಮನೆಯಲ್ಲೇ ಇದ್ದು ಕಲಿಯುವಂತಿರಲಿಲ್ಲ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳ ಕಿವಿಯಲ್ಲಿ ಎರಡು ಪದ್ಧತಿ ಬೆರೆಯಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದ ಹೆಂಗಸು. ಗುರುವನ್ನು ಹುಡುಕುವುದಷ್ಟೇ ಅಲ್ಲ, ಗುರುವಿನ ಪಾಠಕ್ಕೆ ಮನೆಯಲ್ಲಿ ಜಾಗ ಮಾಡಿಕೊಡುವುದೂ ಹೆತ್ತವರ ಕೆಲಸ ಎಂಬುದನ್ನು ಅಂಬಾಬಾಯಿ ಅರಿತಿದ್ದರು. ಮೊದಲ ಗುರು ಕೃಷ್ಣಾಚಾರ್ಯರು ಬೇಗ ಬೇಗನೆ ಹತ್ತಾರು ಚೀಜುಗಳನ್ನು ಹೇಳಿಕೊಟ್ಟಿದ್ದರು. ಅಂದರೆ ಗಂಗೂಬಾಯಿಯವರೂ ರಾಮಭಾವು ಅವರಂತೆಯೇ ಹಾಡುಗಳ ಗಂಟು ಹೊತ್ತುಕೊಂಡೇ ದೊಡ್ಡ ಗುರುವಿನ ಮುಂದೆ ಕುಳಿತರು.

ಹುಬ್ಬಳ್ಳಿಯಿಂದ ಕುಂದಗೋಳ ಸುಮಾರು 20 ಕಿಲೋಮೀಟರ್. ಗಂಗೂಬಾಯಿ ರೈಲಿನಲ್ಲಿ ಬಂದು, ಪಾಠ ಮುಗಿಸಿ, ರಾತ್ರಿಯ ಗಾಡಿಗೆ ಹಿಂತಿರುಗುತ್ತಿದ್ದರು. ಒಂಟಿ ಹೆಂಗಸು ತಂಬೂರಿಯ ಪಾಠಕ್ಕೆಂದು ರೈಲು ಹತ್ತಿ ಇಳಿಯುವುದನ್ನು ಕಂಡು ಆಡಿಕೊಂಡವರಿಗೆ ಕಡಿಮೆಯಿರಲಿಲ್ಲ. ಇಷ್ಟು ಪಾಡುಪಟ್ಟು ಬಂದವರಿಗೆ ಗುರುಗಳು ಒಂದು ದಿನಕ್ಕೆ ಕೊಡುತ್ತಿದ್ದುದು ರಾಗದ ಒಂದು ತುಣುಕು. ಅದನ್ನೇ ಹಾಡಬೇಕು, ತಪ್ಪಿದರೆ ಮತ್ತೆ ಅದನ್ನೇ. ಅದು ಸರಿಹೋಗುವ ತನಕ ಮುಂದಿನದರ ಮಾತಿಲ್ಲ. ರೈಲಿನ ಹೊತ್ತಾಯಿತೆಂದು ರಿಯಾಯಿತಿಯೂ ಇಲ್ಲ, ಹೆಂಗಸೆಂದು ಹಗುರ ಪಾಠವೂ ಇಲ್ಲ. ಹೀಗೆ ಕಲಿತ ಕಾಲ ಬಹಳ ದೀರ್ಘವಲ್ಲ, ಸರಿಯಾಗಿ ನಡೆದದ್ದು ಮೂರು ನಾಲ್ಕು ವರ್ಷ. ಅಷ್ಟರಲ್ಲಿ ಸಿಕ್ಕ ಬಂಡವಾಳದಲ್ಲಿ ಅವರು ಅರವತ್ತಕ್ಕೂ ಹೆಚ್ಚು ವರ್ಷ ಹಾಡಿದರು.

ಮುಂಬೈಯ ಪಾರಸಿ ಹುಡುಗ ಫಿರೋಜ್ ದಸ್ತೂರ್ ಸಿನೆಮಾದಲ್ಲಿ ನಟಿಸುತ್ತಿದ್ದವರು. ಅವರೂ ಇದೇ ಗುರುವಿಗೆ ಶಿಷ್ಯರಾದರು. ಬಸವರಾಜ ರಾಜಗುರು ಅವರೂ ಸ್ವಲ್ಪ ಕಾಲ ಕಲಿತರು. ಸ್ವಾರಸ್ಯದ ಸಂಗತಿ ಎಂದರೆ ಇವರಲ್ಲಿ ಯಾರೊಬ್ಬರೂ ಇನ್ನೊಬ್ಬರಂತೆ ಹಾಡುವುದಿಲ್ಲ. ಭೀಮಸೇನರದು ಗುಡುಗು, ಗಂಗೂಬಾಯಿಯವರದು ಗಂಡುದನಿಯ ಗಾಂಭೀರ್ಯ, ದಸ್ತೂರರದು ಖಾನ್ ಸಾಹೇಬರನ್ನೇ ನೆನಪಿಸುವ ಮೆಲುದನಿ. ಒಂದೇ ಅಚ್ಚಿನಲ್ಲಿ ಎಲ್ಲರನ್ನೂ ಒತ್ತುವ ಗುರುವಾಗಿದ್ದರೆ ಹೀಗಾಗುತ್ತಿರಲಿಲ್ಲ. ಕಡಿಮೆ ಕಲಿಸಿದರು, ತಿದ್ದುವುದರಲ್ಲಿ ಬಿಗಿಯಾಗಿದ್ದರು, ಕಂಠವನ್ನು ಮಾತ್ರ ಅವರವರದಾಗಿಯೇ ಬಿಟ್ಟರು. ಅವರಿಗೆ ತಮ್ಮ ಗುರುವಿನಿಂದ ಸಿಕ್ಕಿದ್ದೂ ಇದೇ ಅಲ್ಲವೇ?

ಎಂಟು ವರ್ಷದ ಕರಾರು ಹಾಕಿದ್ದ ಉಸ್ತಾದರ ಶಿಷ್ಯ, ರೈಲಿನಲ್ಲಿ ಬಂದುಹೋಗುವ ಗೃಹಿಣಿಯನ್ನೂ ಸಿನೆಮಾ ನಟನನ್ನೂ ಶಿಷ್ಯರಾಗಿ ಒಪ್ಪಿದರು ಎಂಬುದು ಸಣ್ಣ ಬದಲಾವಣೆಯಲ್ಲ. ಕಲಿಯುವವರ ಬದುಕು ಬೇರೆ ಬೇರೆ ಎಂಬುದನ್ನು ನಾಟಕ ಕಂಪನಿಯ ವರ್ಷಗಳು ಅವರಿಗೆ ತೋರಿಸಿದ್ದಿರಬಹುದು.

1942ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ವೇದಿಕೆಯ ಗಾಯನ ಅಲ್ಲಿಗೆ ನಿಂತಂತಾಯಿತು. ಗಂಗೂಬಾಯಿಯವರ ನಿತ್ಯದ ಪಾಠಕ್ಕೂ ಅದೇ ಹೊತ್ತಿಗೆ ತೆರೆಬಿತ್ತು. ಅವರ ಹಾಡುಗಾರಿಕೆಯಲ್ಲಿ ತಟ್ಟೆಗಳಲ್ಲಿ ಉಳಿದದ್ದು ಕೆಲವು ನಿಮಿಷಗಳ ತುಣುಕುಗಳಷ್ಟೇ. ಭೈರವಿಯ ತಟ್ಟೆ ಇಂದಿಗೂ ಕೇಳಸಿಗುತ್ತದೆ. ಮೂರು ತಾಸಿನ ಮೈಫಿಲು ಹೇಗಿತ್ತೋ ಎಂಬುದನ್ನು ಶಿಷ್ಯರ ಹಾಡಿನಿಂದಲೇ ಊಹಿಸಬೇಕು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ತೀರಿಕೊಂಡರು.

ಮರುವರ್ಷ, 1953ರಲ್ಲಿ, ಭೀಮಸೇನರು ಇತರ ಅಭಿಮಾನಿಗಳೊಡನೆ ಸೇರಿ ಪುಣೆಯಲ್ಲಿ ಗುರುವಿನ ಪುಣ್ಯತಿಥಿಗೆ ಸಂಗೀತ ಇರಿಸಿದರು. ಅದೇ ಬೆಳೆದು ಇಂದಿನ ಮಹೋತ್ಸವವಾಯಿತು. ಭೀಮಸೇನರಿಗೆ 2008ರಲ್ಲಿ ಭಾರತ ರತ್ನ ಬಂತು, ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಬಂದಿತ್ತು. ಗಂಗೂಬಾಯಿ 2009ರಲ್ಲಿ, ಭೀಮಸೇನರು 2011ರಲ್ಲಿ ಕಾಲವಾದರು. ಭೀಮಸೇನರ ನಂತರ ಪುಣೆಯ ಮಹೋತ್ಸವದ ಹೆಸರಿಗೆ ಅವರ ಹೆಸರನ್ನೂ ಸೇರಿಸಲಾಗಿದೆ. ಮಿರಜದ ದರ್ಗಾದಲ್ಲಿ ಖಾನ್ ಸಾಹೇಬರ ನೆನಪಿನ ಹಾಡು ಉರುಸಿನ ಹೊತ್ತಿಗೆ ನಡೆಯುತ್ತದೆ. ಕುಂದಗೋಳದವರೂ ತಮ್ಮ ರಾಮಭಾವು ಅವರನ್ನು ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತದಿಂದ ನೆನೆಯುತ್ತ ಬಂದಿದ್ದಾರೆ. ಉಸ್ತಾದರ ಹಾಡು ಕೇಳಿ ಹುಡುಗನೊಬ್ಬ ಮರುಳಾದದ್ದು ಅದೇ ವಾಡೆಯಲ್ಲಿ.