ಮೊಲೊಕಾಯಿಯ ಫಾದರ್ ಡೇಮಿಯನ್

ದೂರದಲ್ಲಿ ನಿಂತು ನೆರವು ನೀಡುವುದು ಒಂದು ಬಗೆ. ನೊಂದವರ ನಡುವೆ ಮನೆ ಕಟ್ಟಿ, ಅವರೊಡನೆ ಉಂಡು, ಅವರಲ್ಲೊಬ್ಬರಾಗಿ ಬಾಳುವುದು ಇನ್ನೊಂದು ಬಗೆ. ಈ ಎರಡರ ನಡುವಣ ಅಂತರವನ್ನು ತಮ್ಮ ದೇಹವನ್ನೇ ಬೆಲೆಯಾಗಿ ತೆತ್ತು ದಾಟಿದವರು ಫಾದರ್ ಡೇಮಿಯನ್.

ಅವರ ಪೂರ್ವಾಶ್ರಮದ ಹೆಸರು ಯೋಸೆಫ್ ಡೆ ವೂಸ್ಟರ್. 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಮಗನು ಧಾನ್ಯದ ವ್ಯಾಪಾರವನ್ನು ಮುಂದುವರಿಸಲೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಮಗನಾದರೋ ಅಣ್ಣನ ಹಾದಿ ಹಿಡಿದು ಸನ್ಯಾಸಿಗಳ ಸಂಘವನ್ನು ಸೇರಿದರು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಅಣ್ಣ ಪಾಂಫಿಲ್. ಅವರು ಜ್ವರಪೀಡಿತರಾಗಿ ಮಲಗಿದಾಗ ತಮ್ಮನು ಆ ಸ್ಥಾನವನ್ನು ಬೇಡಿ ಪಡೆದು, 1864ರ ಮಾರ್ಚ್ 19ರಂದು ಹೊನೊಲುಲು ಬಂದರಿನಲ್ಲಿ ಇಳಿದರು. ಅದೇ ವರ್ಷ ಪಾದ್ರಿಯ ದೀಕ್ಷೆಯೂ ದೊರೆಯಿತು.

ಆ ಕಾಲದಲ್ಲಿ ಹವಾಯಿ ಒಂದು ಸ್ವತಂತ್ರ ರಾಜ್ಯ. ಹೊರಗಿನಿಂದ ಬಂದ ಕುಷ್ಠರೋಗವು ಅಲ್ಲಿನ ಮೂಲನಿವಾಸಿಗಳಲ್ಲಿ ಹಬ್ಬುತ್ತಿತ್ತು. ರೋಗಿಗಳನ್ನು ಬೇರ್ಪಡಿಸಲು 1865ರಲ್ಲಿ ಶಾಸನವಾಯಿತು; 1866ರಿಂದ ಅವರನ್ನು ಮೊಲೊಕಾಯಿ ದ್ವೀಪದ ಒಂದು ಚಾಚುಭೂಮಿಗೆ ಸಾಗಿಸತೊಡಗಿದರು. ಮೂರು ಕಡೆ ಕಡಲು, ಹಿಂದೆ ಏರಲಸಾಧ್ಯವಾದ ಬೆಟ್ಟದ ಗೋಡೆ. ಗಂಡನಿಂದ ಹೆಂಡತಿಯನ್ನು, ತಾಯಿಯಿಂದ ಮಗುವನ್ನು ಕಿತ್ತು ಒಯ್ಯುತ್ತಿದ್ದುದರಿಂದ ಅಲ್ಲಿನ ಜನ ಈ ಕಾಯಿಲೆಗೆ ಅಗಲಿಸುವ ಬೇನೆಯೆಂದೇ ಹೆಸರಿಟ್ಟರು.

1873ರ ಮೇ 10ರಂದು ಡೇಮಿಯನ್ ಅಲ್ಲಿಗೆ ಬಂದರು. ನಾಲ್ವರು ಪಾದ್ರಿಗಳು ಸರದಿಯಂತೆ ಕೆಲವು ತಿಂಗಳು ಇದ್ದು ಬರುವುದೆಂದು ಏರ್ಪಾಡಾಗಿತ್ತು. ಮೊದಲ ಸರದಿಗೆ ಬಂದ ಇವರು ಹಿಂದಿರುಗಲೇ ಇಲ್ಲ. ಅಲ್ಲಿಯೇ ಉಳಿಯಲು ಹಿರಿಯರ ಅನುಮತಿಯನ್ನು ತಾವಾಗಿ ಬೇಡಿದರು. ಮನೆಯಿಲ್ಲದ ಮೊದಲ ದಿನಗಳಲ್ಲಿ ಕಲಾವಾವೊದ ಚರ್ಚಿನ ಬಳಿಯ ಕೇದಗೆ ಜಾತಿಯ ಮರವೊಂದರ ಕೆಳಗೆ ಮಲಗುತ್ತಿದ್ದರು.

ಅವರ ಧರ್ಮೋಪದೇಶಕ್ಕಿಂತ ಅವರ ಬಡಗಿತನವೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿದೆ. ಗುಡಿಸಲುಗಳ ಬದಲು ಮರದ ಮನೆಗಳನ್ನು ಕಟ್ಟಿದರು, ನೀರಿನ ಕೊಳವೆಗಳನ್ನು ಹಾಕಿಸಿದರು, ಅನಾಥ ಮಕ್ಕಳಿಗೆ ವಸತಿಗೃಹ ಮಾಡಿದರು, ಹುಣ್ಣುಗಳನ್ನು ತೊಳೆದು ಕಟ್ಟಿದರು. ಸತ್ತವರಿಗೆ ಶವಪೆಟ್ಟಿಗೆಯನ್ನು ತಾವೇ ಮಾಡಿ, ಗುಂಡಿಯನ್ನೂ ತಾವೇ ತೋಡಿದರು. ರೋಗಿಗಳು ಉಣ್ಣುವ ಬೋಗುಣಿಗೆ ತಾವೂ ಕೈಯಿಕ್ಕಿದರು.

ಇದು ಅಜಾಗರೂಕತೆಯಲ್ಲವೇ ಎಂದು ಓದುಗರು ಕೇಳಬಹುದು. ವೈದ್ಯರ ದೃಷ್ಟಿಯಲ್ಲಿ ಹೌದು. ನಾರ್ವೆಯ ಹ್ಯಾನ್ಸನ್ ಈ ರೋಗದ ಅಣುಜೀವಿಯನ್ನು ಕಂಡದ್ದು ಅದೇ 1873ರಲ್ಲಿ; ಔಷಧಿಯ ಮಾತು ಇನ್ನೂ ದೂರವಿತ್ತು. ಬಹುಪಾಲು ಜನರಿಗೆ ಈ ರೋಗವನ್ನು ತಡೆಯುವ ಸಹಜ ಶಕ್ತಿಯಿದೆಯೆಂದು ನಾವೀಗ ಬಲ್ಲೆವು. ಡೇಮಿಯನ್ನರಿಗೆ ಆ ಭಾಗ್ಯವಿರಲಿಲ್ಲ. 1884ರ ಕೊನೆಯಲ್ಲಿ ಒಂದು ದಿನ ಕುದಿಯುವ ನೀರು ಕಾಲಿಗೆ ತಗುಲಿ ಚರ್ಮ ಬೊಬ್ಬೆಯೆದ್ದಿತು. ನೋವು ಮಾತ್ರ ತಿಳಿಯಲಿಲ್ಲ. ಅದರ ಅರ್ಥ ಅವರಿಗೆ ಗೊತ್ತಿತ್ತು. ಆ ಬಳಿಕವೂ ಅವರ ಸುತ್ತಿಗೆಯ ಸದ್ದು ನಿಲ್ಲಲಿಲ್ಲ.

ಅವರು ಮೃದುಸ್ವಭಾವದವರಾಗಿರಲಿಲ್ಲವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಹಟಮಾರಿ, ಮುಂಗೋಪಿ, ಮರಮುಟ್ಟಿಗಾಗಿ, ಔಷಧಿಗಾಗಿ ಅಧಿಕಾರಿಗಳನ್ನು ಕಾಡಿದವರು, ತಮ್ಮ ಸಂಘದ ಹಿರಿಯರಿಗೂ ತಲೆನೋವಾದವರು. ದಿನದಿನವೂ ಸಾವನ್ನು ಕಾಣುವವನಿಗೆ ಕಚೇರಿಯ ತಾಳ್ಮೆ ಎಲ್ಲಿಂದ ಬರಬೇಕು! ಅವರನ್ನು ಹೆಚ್ಚು ಬಾಧಿಸಿದ್ದು ರೋಗಕ್ಕಿಂತ ಒಂಟಿತನ. ಒಮ್ಮೆ ಹಡಗಿನಲ್ಲಿ ಬಂದ ಹಿರಿಯ ಪಾದ್ರಿಗೆ ನೆಲಕ್ಕಿಳಿಯಲು ಅನುಮತಿ ಸಿಗಲಿಲ್ಲ. ಡೇಮಿಯನ್ ದೋಣಿಯಲ್ಲಿ ನಿಂತು, ಹಡಗಿನ ಜನರೆಲ್ಲ ಕೇಳುವಂತೆ, ತಮ್ಮ ಪಾಪನಿವೇದನೆಯನ್ನು ಕೂಗಿ ಹೇಳಬೇಕಾಯಿತು.

ಕೊನೆಗಾಲದಲ್ಲಿ ನೆರವು ಬಂತು. 1886ರಲ್ಲಿ ಅಮೆರಿಕದ ಜೋಸೆಫ್ ಡಟನ್, 1888ರಲ್ಲಿ ಮದರ್ ಮೇರಿಯಾನ್ ಕೋಪ್ ಮತ್ತು ಅವರ ಸಂಗಾತಿ ಸೋದರಿಯರು ಬಂದು ಕಾರ್ಯಭಾರವನ್ನು ಹೊತ್ತರು. 1889ರ ಏಪ್ರಿಲ್ 15ರಂದು, ತಮ್ಮ 49ನೆಯ ವಯಸ್ಸಿನಲ್ಲಿ, ಡೇಮಿಯನ್ ಕಣ್ಮುಚ್ಚಿದರು. ಮೊದಲ ದಿನಗಳಲ್ಲಿ ಆಸರೆಯಾಗಿದ್ದ ಆ ಮರದ ಬಳಿಯಲ್ಲೇ ಅವರನ್ನು ಮಣ್ಣುಮಾಡಿದರು. ಸತ್ತ ಮೇಲೆ ಅವರ ಶೀಲವನ್ನು ಶಂಕಿಸಿದವರೂ ಇದ್ದರು; ಅವರಿಗೆ ಸ್ಕಾಟ್ಲೆಂಡಿನ ಲೇಖಕ ಆರ್. ಎಲ್. ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರದ ಮೂಲಕ ಕಟುವಾಗಿ ಉತ್ತರಿಸಿದನು.

ರೋಗಿಗಳನ್ನು ಬಲವಂತವಾಗಿ ಬೇರಿಡುವ ಕಾನೂನು ಹವಾಯಿಯಲ್ಲಿ ತೆರವಾದದ್ದು 1969ರಲ್ಲಿ. ಅಷ್ಟರಲ್ಲಿ ಸುಮಾರು 8,000 ಜನ ಆ ಚಾಚುಭೂಮಿಗೆ ಹೋಗಿದ್ದರು. ಡೇಮಿಯನ್ನರ ಅಸ್ಥಿಗಳನ್ನು 1936ರಲ್ಲೇ ಬೆಲ್ಜಿಯಂಗೆ ಒಯ್ದಿದ್ದರು. 2009ರಲ್ಲಿ ಅವರಿಗೆ ಸಂತಪದವಿ ಲಭಿಸಿತು. ಆದರೆ ಮೊಲೊಕಾಯಿಯ ಜನರಿಗೆ ಬೇಕಾಗಿದ್ದುದು ಬೇರೆ. 1995ರಲ್ಲಿ ಅವರ ಬಲಗೈಯ ಅಸ್ಥಿ ಮೊಲೊಕಾಯಿಗೆ ಮರಳಿತು. ಕಲಾವಾವೊದಲ್ಲಿ ಬರಿದಾಗಿದ್ದ ಹಳೆಯ ಸಮಾಧಿಯಲ್ಲಿ ಅದನ್ನು ಇರಿಸಿದರು.